ಯಾರಿಂದ ಕಾಯುವುದು?

ಸೈನ್ಯದಿಂದ ನಿವೃತ್ತನಾದವನೊಬ್ಬ ಎಣ್ಣೆ ಉದ್ಯಮದ ಒಳಸಂಚಿನಲ್ಲಿ ಸಿಕ್ಕಿಬೀಳುವ ಕತೆ ಯಾರಿಗೆ ಇಷ್ಟವಿಲ್ಲ? ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಇಂಥ ಹತ್ತು ಕಾದಂಬರಿಗಳು ಸಿಗುತ್ತವೆ. ನಾಯಕ ಒಂಟಿ, ಕಡಿಮೆ ಮಾತಿನವನು. ಅವನಿಗೊಂದು ಹಳೆಯ ಗಾಯ, ಒಬ್ಬಳು ಹೆಣ್ಣು, ಒಂದು ಕೋವಿ. ಕೊನೆಯ ಹತ್ತು ಪುಟಗಳಲ್ಲಿ ಕೇಡಿಗಳೆಲ್ಲ ಸಾಯುತ್ತಾರೆ. ನಾವು ಪುಸ್ತಕ ಮಡಿಸಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ. ನನ್ನ ತಕರಾರಿರುವುದು ಈ ನೆಮ್ಮದಿಯ ಬಗ್ಗೆ.

ಏಕೆಂದರೆ ಇಂಥದೊಂದು ಕತೆ ನಮ್ಮ ಕಣ್ಣೆದುರಿಗೇ ನಡೆದಿದೆ. ಅದರ ನಾಯಕ ಸೈಮನ್ ಮಾನ್ 2025ರ ಮೇ ತಿಂಗಳಲ್ಲಿ, 72ನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನ ಬಗ್ಗೆ ಓದಿದ ನನ್ನ ಸ್ನೇಹಿತರೊಬ್ಬರು, "ಪಾಪ, ಒಳ್ಳೆ ಮನೆತನದವನು, ಧೈರ್ಯಶಾಲಿ, ಯಾರದೋ ಸಂಚಿನಲ್ಲಿ ಸಿಕ್ಕಿಬಿದ್ದ" ಎಂದರು. ಈ 'ಪಾಪ' ಮತ್ತು ಈ 'ಸಿಕ್ಕಿಬಿದ್ದ' ಎರಡನ್ನೂ ನಾನು ಒಪ್ಪುವುದಿಲ್ಲ. ಸೈಮನ್ ಮಾನ್ ಸಿಕ್ಕಿಬೀಳಲಿಲ್ಲ, ನಡೆದುಕೊಂಡು ಒಳಗೆ ಹೋದ. ನಿಜವಾಗಿ ಸಿಕ್ಕಿಬಿದ್ದವರು ಬೇರೆ. ಅವರ ಹೆಸರುಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಮೊದಲು ನಡೆದದ್ದನ್ನು ಹೇಳುತ್ತೇನೆ. 2004ರ ಮಾರ್ಚ್ 7ರಂದು ಜಿಂಬಾಬ್ವೆಯ ಹರಾರೆ ವಿಮಾನ ನಿಲ್ದಾಣದಲ್ಲಿ ಒಂದು ಹಳೆಯ ಬೋಯಿಂಗ್ 727 ಬಂದಿಳಿಯಿತು. ದಕ್ಷಿಣ ಆಫ್ರಿಕದಿಂದ ಹೊರಟ ಆ ವಿಮಾನದಲ್ಲಿ ಅರವತ್ತಕ್ಕೂ ಹೆಚ್ಚು ಗಂಡಸರಿದ್ದರು. ಮಾನ್ ನಿಲ್ದಾಣದಲ್ಲಿ ಅವರಿಗಾಗಿ ಕಾಯುತ್ತಿದ್ದ. ಜಿಂಬಾಬ್ವೆಯ ಸರ್ಕಾರಿ ಆಯುಧ ಕಾರ್ಖಾನೆಯಿಂದ ಬಂದೂಕು, ಮದ್ದುಗುಂಡು, ಮಾರ್ಟರ್‌ಗಳನ್ನು ಕೊಂಡು ಅದೇ ವಿಮಾನಕ್ಕೆ ತುಂಬಿಕೊಂಡು ಹೊರಡುವುದು ಆತನ ಯೋಜನೆ. ಅಲ್ಲಿಂದ ಆಫ್ರಿಕದ ಪಶ್ಚಿಮ ತೀರದ ಈಕ್ವಟೋರಿಯಲ್ ಗಿನಿಗೆ ಹಾರಿ, ಅಲ್ಲಿನ ಅಧ್ಯಕ್ಷ ಒಬಿಯಾಂಗ್‌ನನ್ನು ಕಿತ್ತೊಗೆದು, ಸ್ಪೇನಿನಲ್ಲಿ ದೇಶಭ್ರಷ್ಟನಾಗಿದ್ದ ಸೆವೆರೊ ಮೊಟೊ ಎಂಬ ರಾಜಕಾರಣಿಯನ್ನು ಗದ್ದುಗೆಯಲ್ಲಿ ಕೂರಿಸಬೇಕಾಗಿತ್ತು. ಆದರೆ ಸುದ್ದಿ ಮೊದಲೇ ಹೋಗಿತ್ತು. ಜಿಂಬಾಬ್ವೆಯವರು ವಿಮಾನ ಸಮೇತ ಎಪ್ಪತ್ತು ಜನರನ್ನು ಹಿಡಿದು ಹಾಕಿದರು. ಆಗಿನ ರಾಜಧಾನಿ ಮಲಾಬೊದಲ್ಲಿ ಮುಂಚಿತವಾಗಿ ಹೋಗಿ ಕುಳಿತಿದ್ದ ನಿಕ್ ಡು ಟಾಯ್ಟ್ ಮತ್ತು ಆತನ ತಂಡವೂ ಸಿಕ್ಕಿಬಿತ್ತು.

ಯಾರು ಈ ಮಾನ್? ಈಟನ್ ಶಾಲೆಯಲ್ಲಿ ಓದಿದವನು. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ, ಸ್ಕಾಟ್ಸ್ ಗಾರ್ಡ್ಸ್‌ನಲ್ಲಿ ಅಧಿಕಾರಿ, ಆಮೇಲೆ ಎಸ್‌ಎಎಸ್ ಎಂಬ ಹೆಸರಾಂತ ದಳದಲ್ಲಿ ಸೇವೆ. ಅಜ್ಜ ಫ್ರಾಂಕ್ ಮಾನ್ ಮತ್ತು ಅಪ್ಪ ಜಾರ್ಜ್ ಮಾನ್ ಇಬ್ಬರೂ ಇಂಗ್ಲೆಂಡಿನ ಕ್ರಿಕೆಟ್ ತಂಡದ ನಾಯಕರಾಗಿದ್ದವರು. ಮನೆತನದ ಹಣ ಬಂದದ್ದು ಬಿಯರ್ ಭಟ್ಟಿಯಿಂದ. ನಮ್ಮ ಆಡುಮಾತಿನಲ್ಲಿ ಅದೂ ಎಣ್ಣೆಯೇ. ಇಷ್ಟೆಲ್ಲ ಇದ್ದವನು ಹೊಟ್ಟೆಪಾಡಿಗಾಗಿ ಕೋವಿ ಹಿಡಿದ ಎಂದು ಯಾರೂ ಹೇಳಲಾರರು.

ಆತನ ನಿಜವಾದ ವ್ಯಾಪಾರ ಶುರುವಾದದ್ದು 1993ರಲ್ಲಿ, ಅಂಗೋಲದಲ್ಲಿ. 1992ರ ಚುನಾವಣೆಯ ಫಲಿತಾಂಶವನ್ನು ಒಪ್ಪದ ಸವಿಂಬಿಯ ಯುನಿಟಾ ಪಡೆ ಮತ್ತೆ ಯುದ್ಧಕ್ಕಿಳಿದು, ಕಾಂಗೋ ನದಿಯ ಮುಖದಲ್ಲಿರುವ ಸೋಯೊ ಎಂಬ ಎಣ್ಣೆಯ ಪಟ್ಟಣವನ್ನು ಹಿಡಿದುಕೊಂಡಿತು. ಅದನ್ನು ಬಿಡಿಸಿಕೊಡಲು ಮಾನ್ ಮತ್ತು ಟೋನಿ ಬಕಿಂಗ್‌ಹ್ಯಾಂ ಎಂಬ ಎಣ್ಣೆ ಉದ್ಯಮಿ, ಎಕ್ಸಿಕ್ಯೂಟಿವ್ ಔಟ್‌ಕಮ್ಸ್ ಎಂಬ ದಕ್ಷಿಣ ಆಫ್ರಿಕದ ಖಾಸಗಿ ಸೇನೆಯನ್ನು ಗೊತ್ತುಮಾಡಿದರು. ಅದರಲ್ಲಿದ್ದವರು ವರ್ಣಭೇದ ಸರ್ಕಾರದ ಸೈನ್ಯದಿಂದ ಹೊರಬಿದ್ದ ನಿವೃತ್ತರು. ಈ ಮೊದಲು ಅವರೇ ಯುನಿಟಾದ ಪರವಾಗಿ ಅಂಗೋಲದಲ್ಲಿ ಕಾದಾಡಿದ್ದರು. ಈಗ ಅದೇ ಯುನಿಟಾದ ವಿರುದ್ಧ ಕಾದಾಡಿ ಸೋಯೊವನ್ನು ಗೆದ್ದುಕೊಟ್ಟರು. ಅವರು ಹಿಂತಿರುಗಿದ ಸ್ವಲ್ಪ ದಿನಗಳಲ್ಲೇ ಯುನಿಟಾ ಅದನ್ನು ಮತ್ತೆ ಹಿಡಿಯಿತು. ಆಗ ಅಂಗೋಲ ಸರ್ಕಾರವೇ ಬಂದು ಇನ್ನೂ ದೊಡ್ಡ ಗುತ್ತಿಗೆಗೆ ಸಹಿ ಹಾಕಿತು.

ಸೋಯೊ ಕಲಿಸಿದ ಪಾಠ ಸರಳವಾಗಿದೆ. ಸೈನಿಕನಿಗೆ ಶತ್ರು ಯಾರೆಂದು ಹೇಳುತ್ತಿದ್ದದ್ದು ದೇಶ. ಇನ್ನು ಮುಂದೆ ಅದನ್ನು ಹೇಳುವುದು ಬಾವಿಯ ಒಡೆಯ. ನಿನ್ನೆಯ ಗೆಳೆಯ ಇವತ್ತು ಶತ್ರುವಾಗುವುದಕ್ಕೆ ಯಾವ ಸಿದ್ಧಾಂತವೂ ಬೇಕಾಗಿಲ್ಲ. ಬ್ಯಾಂಕಿಗೆ ಹಣ ಬಂದರೆ ಸಾಕು.

ಈಗ ಎಣ್ಣೆಯ ಕಡೆಗೆ ಬರೋಣ. ಈಕ್ವಟೋರಿಯಲ್ ಗಿನಿ 1968ರ ಅಕ್ಟೋಬರ್‌ವರೆಗೆ ಸ್ಪೇನಿನ ವಸಾಹತು. ಆಗ ಕೋಕೊ ತೋಟಗಳಿಗೆ ಹೆಸರಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಗದ್ದುಗೆಗೇರಿದ ಮಸಿಯಾಸ್ ಎಂಥವನೆಂದರೆ, ಅವನ ಕಾಲದಲ್ಲಿ ದೇಶದ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಸತ್ತರು ಅಥವಾ ಓಡಿಹೋದರು ಎಂಬ ಅಂದಾಜಿದೆ. 1979ರ ಆಗಸ್ಟಿನಲ್ಲಿ ಅವನನ್ನು ಕೆಳಗಿಳಿಸಿ ಗುಂಡಿಕ್ಕಿಸಿದವನು ಅವನ ಸ್ವಂತ ಅಣ್ಣತಮ್ಮಂದಿರ ಮಗ ಒಬಿಯಾಂಗ್. ಇವನೂ ಸ್ಪೇನಿನ ಸೈನಿಕ ಶಾಲೆಯಲ್ಲಿ ಕಲಿತುಬಂದ ಅಧಿಕಾರಿಯೇ. ಅಂದು ಕುಳಿತವನು ನಾನಿದನ್ನು ಬರೆಯುವಾಗಲೂ ಎದ್ದಿಲ್ಲ. 1995ರಲ್ಲಿ ಅಮೆರಿಕದ ಕಂಪನಿಯೊಂದು ಅಲ್ಲಿನ ಸಮುದ್ರದಲ್ಲಿ ಜಾಫಿರೊ ಎಂಬ ದೊಡ್ಡ ಎಣ್ಣೆ ನಿಕ್ಷೇಪವನ್ನು ಕಂಡುಹಿಡಿಯಿತು. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ದೇಶ ಒಮ್ಮೆಗೇ ಎಲ್ಲರಿಗೂ ಬೇಕಾಯಿತು. ನಮ್ಮ ಒಂದು ಸಾಧಾರಣ ಜಿಲ್ಲೆಯಷ್ಟೂ ಜನರಿಲ್ಲದ ಆ ನಾಡಿನ ತಲಾ ಆದಾಯ ಕೆಲವೇ ವರ್ಷಗಳಲ್ಲಿ ಆಫ್ರಿಕದಲ್ಲೇ ಮೇಲಿನ ಸಾಲಿಗೆ ಏರಿತು. ಕುಡಿಯುವ ನೀರು ಮಾತ್ರ ಮನೆಗಳಿಗೆ ಬರಲಿಲ್ಲ.

ಆದಾಯ ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಕೊಟ್ಟದ್ದು ಅಮೆರಿಕದ ಸೆನೆಟ್ಟೇ. ಮಾನ್ ಹರಾರೆಯಲ್ಲಿ ಸಿಕ್ಕಿದ ಅದೇ 2004ರ ಜುಲೈಯಲ್ಲಿ ಸೆನೆಟ್ಟಿನ ಉಪಸಮಿತಿಯೊಂದು ವಾಷಿಂಗ್ಟನ್ನಿನ ರಿಗ್ಸ್ ಬ್ಯಾಂಕಿನ ಬಗ್ಗೆ ವರದಿ ಹೊರತಂದಿತು. ಆ ಬ್ಯಾಂಕಿನಲ್ಲಿ ಈಕ್ವಟೋರಿಯಲ್ ಗಿನಿಯ ಸರ್ಕಾರ, ಅದರ ಅಧಿಕಾರಿಗಳು ಮತ್ತು ಅವರ ಮನೆಯವರಿಗೆ ಸೇರಿದ ಅರವತ್ತಕ್ಕೂ ಹೆಚ್ಚು ಖಾತೆಗಳಿದ್ದವು. ಅವುಗಳಲ್ಲಿ ಒಂದು ಹಂತದಲ್ಲಿ 70 ಕೋಟಿ ಡಾಲರಿನಷ್ಟು ಹಣವಿತ್ತು. ಲಕ್ಷಗಟ್ಟಲೆ ಡಾಲರುಗಳು ನಗದಾಗಿ, ಸೂಟ್‌ಕೇಸುಗಳಲ್ಲಿ ಬಂದು ಜಮೆಯಾಗಿದ್ದವು. ಎಣ್ಣೆ ಕಂಪನಿಗಳು ಅಧಿಕಾರಿಗಳ ಮಕ್ಕಳ ಓದಿಗೆ ದುಡ್ಡು ಕೊಟ್ಟಿದ್ದವು, ಅವರ ಜಾಗಗಳನ್ನು ಬಾಡಿಗೆಗೆ ಹಿಡಿದಿದ್ದವು. ಒಂದು ಕಂಪನಿಗೆ ಕಟ್ಟಡ ಬಾಡಿಗೆ ಕೊಟ್ಟ ಮಾಲೀಕ ಅಧ್ಯಕ್ಷನ ಬಂಧು, ವಯಸ್ಸು 14. ನಮ್ಮಲ್ಲಿ ಆ ವಯಸ್ಸಿನವರು ಎಂಟನೆಯ ಕ್ಲಾಸಿನಲ್ಲಿ ಓದುತ್ತಿರುತ್ತಾರೆ.

ರಿಗ್ಸ್ ಬ್ಯಾಂಕು ದಂಡ ಕಟ್ಟಿತು, 2005ರಲ್ಲಿ ಬೇರೆ ಬ್ಯಾಂಕಿನೊಳಗೆ ಕರಗಿಹೋಯಿತು. ಎಣ್ಣೆಯ ಹಡಗುಗಳು ಒಂದು ದಿನವೂ ನಿಲ್ಲಲಿಲ್ಲ.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ಒಬಿಯಾಂಗ್ ಅಷ್ಟು ಕೆಟ್ಟವನಾದರೆ ಅವನನ್ನು ಕಿತ್ತೊಗೆಯಲು ಹೊರಟವನು ಒಳ್ಳೆಯವನೇ ಅಲ್ಲವೆ? ಮಾನ್ ಕೂಡ ಆಮೇಲೆ ಇದೇ ವಾದ ಹೂಡಿದ. ದಬ್ಬಾಳಿಕೆಯ ಕೆಳಗಿದ್ದ ಜನರನ್ನು ಬಿಡಿಸಲು ಹೊರಟಿದ್ದೆ ಎಂದ. ಕೇಳಲು ಚೆನ್ನಾಗಿದೆ. ಆದರೆ ಆಫ್ರಿಕದಲ್ಲಿ ದಬ್ಬಾಳಿಕೆಗಾರರಿಗೆ ಬರವಿರಲಿಲ್ಲ. ಬಡ ದೇಶದ ಸರ್ವಾಧಿಕಾರಿಯನ್ನು ಇಳಿಸಲು ಯಾವ ಬಾಡಿಗೆ ಸೈನಿಕನೂ ವಿಮಾನ ಕೊಂಡದ್ದನ್ನು ನಾನು ಕೇಳಿಲ್ಲ. ಆತನಿಗೆ ಆಯುಧ ಮಾರಲು ಒಪ್ಪಿದ ಜಿಂಬಾಬ್ವೆಯಲ್ಲೇ ಆಗ ಮುಗಾಬೆ ಇದ್ದ. ಅವನಿಂದ ಜನರನ್ನು ಬಿಡಿಸಬೇಕೆಂದು ಮಾನ್‌ಗೆ ಹೊಳೆಯಲಿಲ್ಲ. 1995ಕ್ಕೆ ಮೊದಲು, ಸಮುದ್ರದ ತಳದಲ್ಲಿ ಎಣ್ಣೆ ಇದೆಯೆಂದು ಗೊತ್ತಿಲ್ಲದಿದ್ದಾಗ, ಒಬಿಯಾಂಗ್‌ನ ಜೈಲುಗಳಲ್ಲಿ ನರಳುತ್ತಿದ್ದವರ ಕೂಗು ಈಟನ್ನಿನ ಕಿವಿಗೆ ತಲುಪಲಿಲ್ಲ. ಜನರ ಪರವಾಗಿ ಹೊರಟವರು ಜನರನ್ನು ಕೇಳಿ ಹೊರಡುತ್ತಾರೆ. ಇವರು ಕೇಳಿದ್ದು ಹಣ ಹಾಕುವವರನ್ನು.

ಈ ದೇಶಕ್ಕೆ ಇನ್ನೊಂದು ದುರದೃಷ್ಟವೂ ಇದೆ. 1974ರಲ್ಲಿ ಫ್ರೆಡರಿಕ್ ಫೋರ್ಸೈತ್ ಬರೆದ ಪ್ರಸಿದ್ಧ ಕಾದಂಬರಿ 'ದಿ ಡಾಗ್ಸ್ ಆಫ್ ವಾರ್' ಹುಟ್ಟಿದ್ದು ಇದೇ ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರಲ್ಲಿಯೂ ಬಾಡಿಗೆ ಸೈನಿಕರು ಒಬ್ಬ ಗಣಿ ಧಣಿಗಾಗಿ ಸರ್ಕಾರವನ್ನು ಉರುಳಿಸಲು ಬರುತ್ತಾರೆ. ಎಣ್ಣೆಯ ಬದಲು ಪ್ಲಾಟಿನಮ್, ಅಷ್ಟೇ ವ್ಯತ್ಯಾಸ. ಮೂವತ್ತು ವರ್ಷಗಳ ನಂತರ ಮಾನ್‌ನ ಸಂಚು ಬಯಲಾದಾಗ ಇಂಗ್ಲೆಂಡಿನ ಪತ್ರಿಕೆಗಳಿಗೆ ಅದು ಒಂದು ಪುಸ್ತಕ ನಿಜವಾದ ಹಾಗೆ ಕಂಡಿತು. ಹಣಕ್ಕೆ ಅಲ್ಲಿನ ಬೀದಿ ಭಾಷೆಯಲ್ಲಿರುವ 'ವೊಂಗಾ' ಎಂಬ ಪದ ಹಿಡಿದು ಅದಕ್ಕೆ ತಮಾಷೆಯ ಹೆಸರಿಟ್ಟರು. ಇನ್ನೊಬ್ಬರ ದೇಶವನ್ನು ಕದಿಯಲು ಹೋದದ್ದು ತಮಾಷೆಯಾಗುವುದು ಆ ದೇಶ ನಿಮ್ಮದಲ್ಲದಾಗ ಮಾತ್ರ.

ನಿಜವಾಗಿ ಸಿಕ್ಕಿಬಿದ್ದವರ ವಿಷಯಕ್ಕೆ ಬರುತ್ತೇನೆ. ಆ ವಿಮಾನದಲ್ಲಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಆಫ್ರಿಕದ ಸೈನ್ಯದ 32ನೆಯ ಬೆಟಾಲಿಯನ್ನಿನಲ್ಲಿ ಇದ್ದವರು. 'ಬಫೆಲೊ ಬೆಟಾಲಿಯನ್' ಎಂದೇ ಅದರ ಹೆಸರು. ಅದರ ಸಿಪಾಯಿಗಳು ಹುಟ್ಟಿನಿಂದ ಅಂಗೋಲದ ಕರಿಯರು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಅಂತರ್ಯುದ್ಧದಲ್ಲಿ ಸೋತ ಬಣದವರು. ವರ್ಣಭೇದ ಸರ್ಕಾರ ಅವರನ್ನು ಸೇರಿಸಿಕೊಂಡು ಅವರ ನೆಲದವರ ಮೇಲೆಯೇ ಛೂ ಬಿಟ್ಟಿತು. 1993ರಲ್ಲಿ, ಮಂಡೇಲರ ಕಾಲ ಹತ್ತಿರವಾದಾಗ, ಆ ಬೆಟಾಲಿಯನ್ನನ್ನು ಬರಖಾಸ್ತು ಮಾಡಲಾಯಿತು. ಅವರು ಹುಟ್ಟಿದ ಊರಿಗೆ ಹೋಗುವಂತಿಲ್ಲ, ಅಲ್ಲಿ ಅವರು ದ್ರೋಹಿಗಳು. ಇದ್ದ ದೇಶದಲ್ಲಿ ಅವರು ಬಿಳಿಯರ ನಾಯಿಗಳು. ಅವರಿಗೆ ಉಳಿದದ್ದು ಪೊಂಫ್ರೆಟ್ ಎಂಬ ಊರು. ಕಲಹಾರಿ ಮರುಭೂಮಿಯ ಅಂಚಿನಲ್ಲಿ, ಮುಚ್ಚಿಹೋದ ಕಲ್ನಾರಿನ ಗಣಿಯ ಪಕ್ಕದ ವಸತಿ. ಉಸಿರೆಳೆದರೆ ಕಲ್ನಾರಿನ ದೂಳು.

ಇಂಥ ಊರಿಗೆ ಒಬ್ಬ ಹಳೆಯ ಅಧಿಕಾರಿ ಬಂದು, "ಕಾಂಗೋದಲ್ಲಿ ಒಂದು ಗಣಿ ಕಾಯುವ ಕೆಲಸವಿದೆ, ಒಳ್ಳೆಯ ಸಂಬಳ" ಎಂದರೆ ಯಾರು ಬೇಡವೆನ್ನುತ್ತಾರೆ? ಹರಾರೆಯಲ್ಲಿ ಹಿಡಿಸಿಕೊಂಡ ಮೇಲೂ ಅವರು ಹೇಳಿದ್ದು ಇದನ್ನೇ. ತಾವು ಗಣಿ ಕಾಯಲು ಹೊರಟವರು ಎಂದು. ಕೆಲವರಿಗೆ ನಿಜ ಗೊತ್ತಿದ್ದಿರಬಹುದು, ಕೆಲವರು ಊಹಿಸಿದ್ದಿರಬಹುದು. ಹಸಿದವನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಕೆಲಸ ಕೊಡುವವನಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಹಾಸನದ ಕಡೆ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದ ಒಬ್ಬರು ನನಗೆ ಪರಿಚಿತರು. ಇಪ್ಪತ್ತು ವರ್ಷಗಳ ಹಿಂದೆ ಅವರ ಮನೆಗೂ ಒಬ್ಬ ಏಜೆಂಟ್ ಬಂದಿದ್ದನಂತೆ. ಇರಾಕಿನಲ್ಲಿ ಎಣ್ಣೆ ಪೈಪು ಕಾಯುವ ಕೆಲಸ, ತಿಂಗಳಿಗೆ ಇಲ್ಲಿನ ವರ್ಷದ ಸಂಬಳ. "ಮೇಷ್ಟ್ರೇ, ನಾನು ಒಂದೇ ಮಾತು ಕೇಳ್ದೆ" ಎಂದರು ಅವರು. "ಕಾಯೋದು ಸರಿ, ಯಾರಿಂದ ಕಾಯೋದು ಅಂದೆ. ಅದನ್ನ ಅಲ್ಲಿಗೆ ಹೋದ್ಮೇಲೆ ಹೇಳ್ತಾರೆ ಅಂದ. ಹಂಗಾರೆ ಬ್ಯಾಡ ಬಿಡಪ್ಪ ಅಂದೆ." ಅವರಿಗೆ ಪಿಂಚಣಿಯಿತ್ತು, ಎರಡು ಎಕರೆ ಕಾಫಿ ಇತ್ತು, ಆದ್ದರಿಂದ ಆ ಪ್ರಶ್ನೆ ಕೇಳುವ ಅನುಕೂಲವೂ ಇತ್ತು. ಪೊಂಫ್ರೆಟ್‌ನವರಿಗೆ ಇರಲಿಲ್ಲ. ಎಣ್ಣೆಯ ರಾಜಕೀಯದ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಯಾವುದೂ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಬಾವಿಯನ್ನು ಕಾಯುವುದು ಎಂದರೆ ಬಹಳ ಸಲ ಬಾವಿ ಯಾರ ನೆಲದಲ್ಲಿದೆಯೋ ಅವರಿಂದ ಕಾಯುವುದು.

ಇನ್ನು ಯಾರಿಗೆ ಏನು ಶಿಕ್ಷೆಯಾಯಿತು ನೋಡಿ. ಸಿಪಾಯಿಗಳು ಜಿಂಬಾಬ್ವೆಯ ಜೈಲಿನಲ್ಲಿ ಸುಮಾರು ಒಂದು ವರ್ಷ ಕೊಳೆತರು. ನಮ್ಮನ್ನು ಕಾಪಾಡಿ ಎಂದು ಅವರು ತಮ್ಮ ದೇಶದ ಸಂವಿಧಾನ ನ್ಯಾಯಾಲಯಕ್ಕೆ ಮೊರೆ ಹೋದರೆ, 2004ರ ಆಗಸ್ಟಿನಲ್ಲಿ ಆ ಅರ್ಜಿ ವಜಾ ಆಯಿತು. ಮಲಾಬೊದಲ್ಲಿ ಹಿಡಿಸಿಕೊಂಡ ಒಬ್ಬ ಜರ್ಮನ್ ಕೆಲವೇ ದಿನಗಳಲ್ಲಿ ಸತ್ತ. ಸರ್ಕಾರ ಮಲೇರಿಯಾ ಎಂದಿತು, ಆಮ್ನೆಸ್ಟಿ ಸಂಸ್ಥೆ ಚಿತ್ರಹಿಂಸೆ ಎಂದಿತು. ಡು ಟಾಯ್ಟ್‌ಗೆ 34 ವರ್ಷ ಶಿಕ್ಷೆ. ಮಾನ್ ಜಿಂಬಾಬ್ವೆಯಲ್ಲಿ ಸುಮಾರು ನಾಲ್ಕು ವರ್ಷ ಜೈಲಿನಲ್ಲಿದ್ದು, 2008ರಲ್ಲಿ ಈಕ್ವಟೋರಿಯಲ್ ಗಿನಿಗೆ ಸಾಗಿಸಲ್ಪಟ್ಟು, ಅಲ್ಲಿ 34 ವರ್ಷ ನಾಲ್ಕು ತಿಂಗಳ ಶಿಕ್ಷೆ ಪಡೆದ.

ಹಣ ಹಾಕಿದವರ ಕಡೆ ಹೋದರೆ ಲೆಕ್ಕ ಬೇರೆಯಾಗುತ್ತದೆ. ಇಂಗ್ಲೆಂಡಿನ ಮಾಜಿ ಪ್ರಧಾನಿಯ ಮಗ ಮಾರ್ಕ್ ಥ್ಯಾಚರ್, ಬಾಡಿಗೆ ಸೈನಿಕರ ಕೆಲಸಕ್ಕೆ ಬಳಕೆಯಾಗಬಹುದಾಗಿದ್ದ ಹೆಲಿಕಾಪ್ಟರಿಗೆ ಹಣ ಕೊಟ್ಟದ್ದನ್ನು 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ದಂಗೆಯ ವಿಚಾರ ತನಗೆ ಗೊತ್ತಿರಲಿಲ್ಲ ಎಂದ. 30 ಲಕ್ಷ ರ್‍ಯಾಂಡ್ ದಂಡ ಕಟ್ಟಿದ. ಜೈಲು ಶಿಕ್ಷೆ ಅಮಾನತಿನಲ್ಲೇ ಉಳಿಯಿತು. ವಿಮಾನ ಹತ್ತಿ ಮನೆಗೆ ಹೋದ.

ಸರ್ಕಾರಗಳ ವಿಷಯವಂತೂ ಇನ್ನೂ ಸ್ವಾರಸ್ಯವಾಗಿದೆ. ಇಂಥ ಸಂಚಿನ ಸುದ್ದಿ 2004ರ ಜನವರಿಯ ಕೊನೆಯಲ್ಲೇ ತಮಗೆ ತಲುಪಿತ್ತೆಂದು ಬ್ರಿಟನ್ನಿನ ವಿದೇಶಾಂಗ ಸಚಿವ ಜಾಕ್ ಸ್ಟ್ರಾ ಅದೇ ವರ್ಷದ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ದಕ್ಷಿಣ ಆಫ್ರಿಕದ ಗುಪ್ತಚರರಿಗೂ ಗೊತ್ತಿತ್ತು. ಆದರೂ ವಿಮಾನ ಆ ದೇಶದಿಂದ ಹೊರಡುವವರೆಗೆ ಯಾರೂ ಅದನ್ನು ತಡೆಯಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಅದನ್ನು ನಾವು ದಡ್ಡರ ಬಗ್ಗೆ ಹೇಳುತ್ತೇವೆ. ಇಲ್ಲಿ ಕಣ್ಣು ಮುಚ್ಚಿಕೊಂಡವರು ದಡ್ಡರಲ್ಲ. ದಂಗೆ ಗೆದ್ದರೆ ಹೊಸಬನ ಜೊತೆ ಗುತ್ತಿಗೆ, ಸೋತರೆ ಹಳಬನ ಜೊತೆ ಗುತ್ತಿಗೆ. ಕಣ್ಣು ಮುಚ್ಚಿಕೊಳ್ಳುವುದೇ ಲಾಭ.

ಕೊನೆಗೆ ಆದದ್ದೇನು? 2009ರ ನವೆಂಬರಿನಲ್ಲಿ ಒಬಿಯಾಂಗ್ ಮಾನ್‌ನನ್ನೂ ಡು ಟಾಯ್ಟ್‌ನನ್ನೂ ಕ್ಷಮಿಸಿ ಬಿಟ್ಟುಬಿಟ್ಟ. ಮಾನ್‌ನ 34 ವರ್ಷದ ಶಿಕ್ಷೆ ಒಂದೂವರೆ ವರ್ಷ ತುಂಬುವ ಮೊದಲೇ ಮುಗಿಯಿತು. ಮಾನ್ ಇಂಗ್ಲೆಂಡಿಗೆ ಹಿಂತಿರುಗಿ 2011ರಲ್ಲಿ ಆತ್ಮಕತೆ ಪ್ರಕಟಿಸಿದ. ಕೊಲ್ಲಲು ಬಂದವನಿಗೂ ಕೊಲ್ಲಿಸಿಕೊಳ್ಳಬೇಕಾಗಿದ್ದವನಿಗೂ ರಾಜಿಯಾಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ಇಬ್ಬರೂ ಸೈನಿಕ ಶಾಲೆಯಲ್ಲಿ ಕಲಿತವರು, ಇಬ್ಬರ ಕಣ್ಣೂ ಒಂದೇ ಬಾವಿಯ ಮೇಲಿತ್ತು. ರಾಜಿಯಾಗದೆ ಉಳಿದದ್ದು ಆ ದೇಶದ ಜನರ ಪಾಡು. ಒಬಿಯಾಂಗ್‌ನ ಮಗನನ್ನು, ಅಲ್ಲಿನ ಉಪಾಧ್ಯಕ್ಷನನ್ನು, ಸಾರ್ವಜನಿಕ ಹಣ ನುಂಗಿ ಫ್ರಾನ್ಸಿನಲ್ಲಿ ಆಸ್ತಿ ಮಾಡಿದ್ದಕ್ಕಾಗಿ 2017ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ತಪ್ಪಿತಸ್ಥನೆಂದು ಹೇಳಿತು. 2021ರಲ್ಲಿ ಅದು ಅಂತಿಮವಾಯಿತು. ಅವನ ಅಧಿಕಾರ ಹೋಗಲಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಜಾಫಿರೊದ ಬಾವಿಗಳು ಸೊರಗುತ್ತ ಬಂದವು. 2024ರಲ್ಲಿ ಆ ಅಮೆರಿಕನ್ ಕಂಪನಿ ಗಂಟುಮೂಟೆ ಕಟ್ಟಿ ಹೊರಟುಹೋಯಿತು. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಇದೆಲ್ಲ ದೂರದ ಆಫ್ರಿಕದ ಕತೆ, ನಮಗೇಕೆ ಎನ್ನುವವರಿಗೆ ಒಂದು ಮಾತು. 2024ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾ ಮತ್ತು ಯುಕ್ರೇನಿನ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದ ಸುದ್ದಿ ನಾವೆಲ್ಲ ಓದಿದೆವು. ಅವರಿಗೆ ಏಜೆಂಟರು ಹೇಳಿದ್ದೂ ಸೆಕ್ಯುರಿಟಿ ಕೆಲಸ ಎಂದೇ. ಪೊಂಫ್ರೆಟ್‌ನಲ್ಲಿ ಹೇಳಿದ ಸುಳ್ಳಿಗೂ ಕಲಬುರಗಿಯಲ್ಲಿ ಹೇಳಿದ ಸುಳ್ಳಿಗೂ ನಡುವೆ ಇಪ್ಪತ್ತು ವರ್ಷ, ಎರಡು ಖಂಡ. ಸುಳ್ಳು ಮಾತ್ರ ಒಂದೇ. ಇವರು ಕೋವಿ ಹಿಡಿಯಲು ಕಲಿತವರಲ್ಲ. ಕಲಿತವರಿಗೆ ಇನ್ನೂ ಹೆಚ್ಚು ಬೆಲೆ ಬರುತ್ತದೆ. 2022ರ ಅಗ್ನಿಪಥ ಯೋಜನೆ ಜಾರಿಗೆ ಬಂದಾಗ ಹೇಳಿದ ಲೆಕ್ಕದಂತೆ, ನಾಲ್ಕು ವರ್ಷದ ಸೇವೆಯ ನಂತರ ಸೈನ್ಯದಲ್ಲಿ ಉಳಿಯುವವರು ನಾಲ್ಕರಲ್ಲಿ ಒಬ್ಬರು. ಉಳಿದ ಮೂವರು ಇಪ್ಪತ್ತೈದರ ಆಸುಪಾಸಿನಲ್ಲಿ, ಕೈಯಲ್ಲಿ ಒಂದಿಷ್ಟು ಲಕ್ಷ ಹಿಡಿದು, ಪಿಂಚಣಿಯಿಲ್ಲದೆ ಊರಿಗೆ ಬರುತ್ತಾರೆ. ಪೊಲೀಸಿನಲ್ಲಿ, ಅರೆಸೈನಿಕ ಪಡೆಗಳಲ್ಲಿ ಮೀಸಲಾತಿ ಕೊಡುತ್ತೇವೆ ಎನ್ನುತ್ತಾರೆ. ಕೊಡಲಿ. ಆದರೆ ಅಲ್ಲಿ ಜಾಗ ಸಿಗದವನ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೆ ಎಂಬುದನ್ನೂ ಯೋಚಿಸಬೇಕು.

ಬಾಡಿಗೆ ಸೈನಿಕರನ್ನು ನೇಮಿಸುವುದು, ಅವರಿಗೆ ಹಣ ಕೊಡುವುದು, ತರಬೇತಿ ಕೊಡುವುದು ಅಪರಾಧ ಎಂದು ಹೇಳುವ ವಿಶ್ವಸಂಸ್ಥೆಯ ಒಪ್ಪಂದ 1989ರಷ್ಟು ಹಳೆಯದು. ಬ್ರಿಟನ್ ಅದಕ್ಕೆ ಸೇರಿಲ್ಲ, ಅಮೆರಿಕ ಸೇರಿಲ್ಲ. ನಮ್ಮ ದೇಶವೂ ಸೇರಿಲ್ಲ. ದೇಶಭಕ್ತಿಯ ಬಗ್ಗೆ ಇಷ್ಟೊಂದು ಮಾತಾಡುವವರು ಮೊದಲು ಅದಕ್ಕೊಂದು ಸಹಿ ಹಾಕಲಿ. ಸಿಪಾಯಿಗಳನ್ನು ಕಳಿಸುವ ಏಜೆಂಟನ ಜೊತೆಗೆ, ಅವನ ಹಿಂದೆ ದುಡ್ಡು ಹಿಡಿದು ನಿಂತವನನ್ನೂ ಕಟಕಟೆಗೆ ತರುವ ಕಾನೂನು ಮಾಡಲಿ.

ಸೈನಿಕನಿಗೆ ಕೊಲ್ಲುವುದನ್ನು ಕಲಿಸುವ ದೇಶ, ಅವನ ಸಮವಸ್ತ್ರ ಕಳಚಿದ ಮೇಲೆ ಅವನಿಗೆ ಬದುಕಲು ದಾರಿಯನ್ನೂ ತೋರಿಸಬೇಕು. ಇದು ದಯೆಯಲ್ಲ, ಸಾಲ. ಆ ಸಾಲ ತೀರಿಸದೆ ಸ್ವಾತಂತ್ರ್ಯ ದಿನದಂದು ಅವನಿಗೆ ಹಾರ ಹಾಕುವುದು ಮೋಸ. ತೀರದ ಸಾಲವನ್ನು ಎಣ್ಣೆಯ ವ್ಯಾಪಾರಿ ತೀರಿಸುತ್ತಾನೆ, ಮತ್ತು ಅವನು ಬಡ್ಡಿ ವಸೂಲು ಮಾಡುವುದು ಇನ್ನೊಂದು ಬಡ ದೇಶದ ಜನರ ಮೇಲೆ.